ಎಡಗಡೆ ಮುಂದಿನ ಚಕ್ರ

ತಿಂಗಳ ಮೊದಲ ಭಾನುವಾರ ನೀವೇನಾದರೂ ಕಡೂರಿನ ನಮ್ಮ ಮನೆಯ ಮುಂದೆ ಹಾದುಹೋದರೆ, ನಲವತ್ತರ ಹತ್ತಿರ ಬಂದ, ಹೊಟ್ಟೆ ಸ್ವಲ್ಪ ಮುಂದಕ್ಕೆ ಬಂದ ಒಬ್ಬ ಮನುಷ್ಯ ಬನಿಯನ್ನಿನಲ್ಲಿ, ಲುಂಗಿ ಎತ್ತಿಕಟ್ಟಿಕೊಂಡು, ಕಾರಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿರುವುದು ಕಾಣುತ್ತದೆ. ಅವನು ನಾನೇ. ಚಕ್ರಕ್ಕೆ ಏನೂ ಆಗಿರುವುದಿಲ್ಲ. ಗಾಳಿ ಸರಿಯಾಗಿರುತ್ತದೆ, ಟೈರು ಚೆನ್ನಾಗಿರುತ್ತದೆ. ಆದರೂ ಒಂದು ನಟ್ಟು ಬಿಚ್ಚುತ್ತೇನೆ, ಗ್ರೀಸು ಸವರುತ್ತೇನೆ, ತಿರುಗಿ ಹಾಕುತ್ತೇನೆ, ಮುಂದಿನ ನಟ್ಟಿಗೆ ಹೋಗುತ್ತೇನೆ. ಚಕ್ರಕ್ಕೆ ಐದರಂತೆ ಇಪ್ಪತ್ತು ನಟ್ಟು. ಮುಗಿಯುವ ಹೊತ್ತಿಗೆ ಒಳಗಿನಿಂದ ನನ್ನ ಹೆಂಡತಿ ಮೂರು ಸಲ ತಿಂಡಿಗೆ ಕರೆದು, ನಾಲ್ಕನೆಯ ಸಲ ಕರೆಯುವುದನ್ನು ಬಿಟ್ಟಿರುತ್ತಾಳೆ.

"ದೇವರ ಪೂಜೆನೂ ಇಷ್ಟು ನಿಯಮವಾಗಿ ಮಾಡಲ್ಲ ಇವರು" ಎಂದು ಅವಳು ಪಕ್ಕದ ಮನೆಯವರಿಗೆ ಹೇಳುವುದು ನನ್ನ ಕಿವಿಗೂ ಬಿದ್ದಿದೆ. ಹೇಳಿಕೊಳ್ಳಲಿ. ಮದುವೆಯಾದ ಹೊಸದರಲ್ಲಿ ಕಾರಣ ಕೇಳುತ್ತಿದ್ದಳು, ನಾನು ಏನೋ ಒಂದು ಹೇಳಿ ಹಾರಿಸುತ್ತಿದ್ದೆ. ಈಗ ಕೇಳುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ನಾಲ್ಕಡಿ ಉದ್ದದ ಒಂದು ಕಬ್ಬಿಣದ ಪೈಪು ಯಾವಾಗಲೂ ಬಿದ್ದಿರುತ್ತದೆ. ಹಳ್ಳ ಬಂದಾಗಲೆಲ್ಲ ಅದು ಗಡಗಡ ಅನ್ನುತ್ತದೆ. ಅದು ಯಾಕೆ ಅಂತಲೂ ಅವಳು ಕೇಳುವುದಿಲ್ಲ. ನಿಮಗೆ ಹೇಳುತ್ತೇನೆ, ಯಾಕೆಂದರೆ ನೀವು ಎದುರಿಗೆ ಕೂತು ನನ್ನ ಮುಖ ನೋಡುವುದಿಲ್ಲ.

ನಮ್ಮದು ಕಬ್ಬಿಣದ ಅಂಗಡಿ. ಅಪ್ಪಾಜಿ ಕಟ್ಟಿದ್ದು. ನೇಗಿಲ ಗುಳ, ಸಲಾಕೆ, ಮೊಳೆ, ಚಿಲಕ, ಬೀಗ, ಬಾವಿಯ ರಾಟೆ, ನೀರಿನ ಪೈಪು, ತೂಕದ ಲೆಕ್ಕದಲ್ಲಿ ನಟ್ಟು ಬೋಲ್ಟು. ಚೌಳಹಿರಿಯೂರು, ಎಮ್ಮೆದೊಡ್ಡಿ ಕಡೆಯ ಹಳ್ಳಿಗಳಿಂದೆಲ್ಲ ಜನ ಸೋಮವಾರದ ಸಂತೆಗೆ ಬಂದು ಅಂಗಡಿಯ ಮುಂದೆ ಎತ್ತು ಬಿಚ್ಚಿ ಕಟ್ಟುತ್ತಿದ್ದರು. ಆ ಅಂಗಡಿಯ ನೆಲದ ಮೇಲೆ ಕೂತು ನಾನೂ ನನ್ನ ತಂಗಿ ನೀಲುವೂ ಬೆಳೆದೆವು. ಬೇರೆ ಮಕ್ಕಳು ಹುಣಿಸೆ ಬೀಜದಲ್ಲಿ ಎಣಿಸುವುದು ಕಲಿತರೆ ನಾವು ನಟ್ಟಿನಲ್ಲಿ ಕಲಿತೆವು. ನೀಲುವಿನ ಪೂರ್ತಿ ಹೆಸರು ನೀಲಾಂಬಿಕೆ, ಆದರೆ ಹಾಗೆ ಅವಳನ್ನು ಕರೆದದ್ದು ಸ್ಕೂಲಿನ ಹಾಜರಿ ಪುಸ್ತಕ ಮಾತ್ರ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಒಂದು ನಟ್ಟು ಕೊಟ್ಟರೆ ಬೆರಳಲ್ಲಿ ಒಂದು ಸುತ್ತು ತಿರುಗಿಸಿ "ಅರ್ಧ ಇಂಚು", "ಮುಕ್ಕಾಲು" ಅಂತ ಹೇಳಿಬಿಡುತ್ತಿದ್ದಳು. ನಾನು ಕಣ್ಣು ಬಿಟ್ಟುಕೊಂಡು ನೋಡಿದರೂ ತಪ್ಪು ಹೇಳುತ್ತಿದ್ದೆ. ಅಪ್ಪಾಜಿಗೆ ಇದನ್ನು ಕಂಡು ಸಂತೋಷವೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಬುದ್ಧಿ ಅದಲುಬದಲಾಗಿ ಹುಟ್ಟಿಬಿಟ್ಟಿದೆ ಎಂದು ಅವ್ವನ ಹತ್ತಿರ ಗೊಣಗುತ್ತಿದ್ದರು.

ಅಪ್ಪಾಜಿಗೆ ಇದ್ದ ಒಂದೇ ಚಟವೆಂದರೆ ಬೆಳ್ಳಿ ಬಣ್ಣ. ಅಲ್ಯುಮಿನಿಯಂ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಳಿಯುತ್ತಾರಲ್ಲ, ಆ ಬಣ್ಣ. ಅಂಗಡಿಯಲ್ಲೇ ಡಬ್ಬಗಟ್ಟಲೆ ಇತ್ತು. ಆಯುಧಪೂಜೆಗೆ ಎರಡು ದಿನ ಇರುವಾಗ ಅವರು ಡಬ್ಬ ಒಡೆದರೆಂದರೆ ಮನೆಯಲ್ಲಿ ಕಬ್ಬಿಣದ ಜಾತಿಗೆ ಸೇರಿದ ಯಾವುದಕ್ಕೂ ಉಳಿಗಾಲವಿರಲಿಲ್ಲ. ಬಾವಿಯ ರಾಟೆ, ಕಿಟಕಿಯ ಸರಳು, ತಕ್ಕಡಿ, ಈಳಿಗೆ ಮಣೆಯ ಕಾಲು, ತೊಟ್ಟಿಲ ಸರಪಳಿ, ಎಲ್ಲಕ್ಕೂ ಒಂದು ಕೈ. ಒಂದು ವರ್ಷ ನಮ್ಮಜ್ಜಿ ಮಲಗಿದ್ದಾಗ ಅವರ ಊರುಗೋಲಿನ ಕಬ್ಬಿಣದ ತುದಿಗೂ ಬಳಿದಿದ್ದರು. ಅಜ್ಜಿ ಎದ್ದು ನಡೆದಲ್ಲೆಲ್ಲ ನೆಲದ ಮೇಲೆ ಬೆಳ್ಳಿಯ ಚುಕ್ಕೆ ಬಿದ್ದು, ಅವ್ವ ಒಂದು ವಾರ ಉಜ್ಜಿದರು.

ಅಂಥವರ ಕೈಗೆ ಕಾರು ಬಂತು. ಸೆಕೆಂಡ್ ಹ್ಯಾಂಡು. ಆ ಕಾಲದಲ್ಲಿ ನಮ್ಮ ಕಡೆ ಕಾರಿನಲ್ಲಿ ಇದ್ದದ್ದೇ ಎರಡು ಜಾತಿ, ನಮ್ಮದು ದುಂಡು ಮೈಯದ್ದು. ಚಕ್ರದ ಮಧ್ಯೆ ಹೊಳೆಯುವ ಮುಚ್ಚಳಗಳಿದ್ದವು. ಯಾರಾದರೂ ಎಗರಿಸಿಬಿಟ್ಟಾರು ಎಂದು ಅಪ್ಪಾಜಿ ಮೊದಲ ವಾರವೇ ಅವನ್ನು ಕಿತ್ತು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಹಾಗಾಗಿ ನಟ್ಟುಗಳು ಬಿಸಿಲು ಮಳೆ ಕೆಸರಿಗೆಲ್ಲ ಬಾಯಿ ಬಿಟ್ಟುಕೊಂಡು ನಿಂತವು. ತುಕ್ಕು ಹಿಡಿಯುತ್ತದಲ್ಲ ಎಂದು ಅವಕ್ಕೆ ವರ್ಷ ವರ್ಷ ಬೆಳ್ಳಿ ಬಣ್ಣ. ಬಳಿಯುವ ಕೆಲಸ ನನ್ನದು. ಕಾರನ್ನು ಅಂಗಡಿಯ ಗೋಡೆಗೆ ಬಲಗಡೆ ಒತ್ತಿಸಿ ನಿಲ್ಲಿಸುತ್ತಿದ್ದೆವು, ಆದ್ದರಿಂದ ಪೂಜೆಯೆಲ್ಲ ಎಡಗಡೆ ಮುಂದಿನ ಚಕ್ರಕ್ಕೆ. ವಿಭೂತಿ, ಕುಂಕುಮ, ಚೆಂಡುಹೂ ಅಲ್ಲೇ. ಕಾಯಿ ಒಡೆದು ಅದರ ನೀರನ್ನು ಧಾರೆ ಕಟ್ಟಿ ಸುರಿಯುವುದೂ ಅದರ ಮೇಲೆಯೇ.

ಆಮೇಲೆ ಕೊನೆಯ ಶಾಸ್ತ್ರ. ಬಾಣಾವರದ ಹತ್ತಿರ ಒಂದು ಲಾರಿಯ ಚಕ್ರ ಕಳಚಿ ತನ್ನ ಪಾಡಿಗೆ ಹೊಲಕ್ಕೆ ಉರುಳಿಹೋದದ್ದನ್ನು ಅಪ್ಪಾಜಿ ಕಣ್ಣಾರೆ ಕಂಡಿದ್ದರು. ಅಂದಿನಿಂದ ಅವರಿಗೆ ಒಂದೇ ಭಯ. ಮಂಗಳಾರತಿ ಆದ ಮೇಲೆ ನನ್ನ ಕೈಗೆ ಸ್ಪ್ಯಾನರು ಕೊಟ್ಟು, ಪ್ರತಿ ನಟ್ಟಿಗೂ ಸಿಕ್ಕಿಸಿ "ಹತ್ತಿ ನಿಂತ್ಕೊಳ್ಳೋ" ಅನ್ನುತ್ತಿದ್ದರು. ನಾನು ಸ್ಪ್ಯಾನರಿನ ಹಿಡಿಯ ಮೇಲೆ ಎರಡು ಕಾಲೂ ಇಟ್ಟು ನಿಂತು ಕುಣಿಯಬೇಕು. ನಟ್ಟು ಕಿರ್ ಎಂದರೆ ಅವರಿಗೆ ಸಮಾಧಾನ. ಆರು ವರ್ಷ ಹೀಗೆ ನಡೆಯಿತು. ಬೇರೆ ಮೂರು ಚಕ್ರಗಳು ಒಂದಲ್ಲ ಒಂದು ಸಲ ಪಂಕ್ಚರಾಗಿ ಕಡೂರಿನ ಪಂಕ್ಚರ್ ಅಂಗಡಿಯವನ ಕೈಗೆ ಹೋಗಿಬಂದಿದ್ದವು. ಎಡಗಡೆ ಮುಂದಿನದು ಮಾತ್ರ ಒಮ್ಮೆಯೂ ಕಳಚಿರಲಿಲ್ಲ. ನಮ್ಮ ಮನೆಯಲ್ಲಿ ನಟ್ಟು ಬಿಗಿ ಮಾಡುವ ಶಾಸ್ತ್ರವಿತ್ತೇ ಹೊರತು ಬಿಚ್ಚುವ ಶಾಸ್ತ್ರ ಇರಲಿಲ್ಲ. ಇದನ್ನು ನಾನು ಈಗ ಹೇಳುತ್ತಿದ್ದೇನೆ. ಆಗ ಕುಣಿದವನೂ ನಾನೇ.

ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ನೀಲು ಮಾರ್ಚಿಯ ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ಸಬ್ಜೆಕ್ಟೂ ಪಾಸಾಗಿ ಲೆಕ್ಕದಲ್ಲಿ ನಾಲ್ಕು ನಂಬರಿಗೆ ಹೋಗಿದ್ದಳು. ಕಣ್ಣು ಮುಚ್ಚಿ ನಟ್ಟಿನ ಅಳತೆ ಹೇಳುವವಳು ಲೆಕ್ಕದಲ್ಲೇ ಹೋದಳಲ್ಲ ಎಂದು ಊರೆಲ್ಲ ಆಶ್ಚರ್ಯಪಟ್ಟಿತು. ಪರೀಕ್ಷೆಯ ದಿನ ಅವಳಿಗೆ ಮೈಮೇಲೆ ಜ್ವರ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಅವ್ವ ಕಳಿಸುತ್ತಿರಲಿಲ್ಲ. ಅವಳಿಗೆ ಮೇಷ್ಟ್ರಾಗುವ ಆಸೆ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಅಲ್ಲಿಯವರೆಗೆ ಏಳನೇ ಕ್ಲಾಸಿನ ಹೊಸಿಲು ದಾಟಿರಲಿಲ್ಲ.

ಅಷ್ಟರಲ್ಲಿ ಅಜ್ಜಂಪುರದ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ಮಠಕ್ಕೆ ನಡೆದುಕೊಳ್ಳುವ ಜನ. ಅಪ್ಪಾಜಿ ಕೆಟ್ಟವರಲ್ಲ, ಆದರೆ ಮಾತು ಕೊಟ್ಟು ಕಾಯಿಸುವ ಜಾತಿಯವರೂ ಅಲ್ಲ. ಒಂದು ದಿನ ಊಟಕ್ಕೆ ಕೂತಾಗ ನೀಲುವಿಗೆ ಹೇಳಿದರು.

"ಅಕ್ಟೋಬರ್‌ನಲ್ಲಿ ಕಟ್ಟು. ಪಾಸಾದ್ರೆ ಓದೋವಂತೆ, ನಾನು ಬ್ಯಾಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಅಜ್ಜಂಪುರದೋರಿಗೆ ಹೂಂ ಅಂತೀನಿ. ಆಮೇಲೆ ಕಣ್ಣೀರು ಹಾಕ್ಬಾರ್ದು."

"ಹಾಕಲ್ಲ" ಎಂದಳು ನೀಲು.

ಮೂರು ತಿಂಗಳು ಹುಡುಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಲೆಕ್ಕ ಮಾಡಿದಳು. ಮೊಳೆ ಕಟ್ಟಿ ಬರುತ್ತಿದ್ದ ಕಂದು ಕಾಗದದ ಎರಡೂ ಮಗ್ಗುಲಲ್ಲಿ ಮಾಡಿ ಮಾಡಿ ಗುಡ್ಡೆ ಹಾಕಿದಳು. ಆ ಸಲದ ಪರೀಕ್ಷೆಗೆ ನಮ್ಮ ಕಡೆಯವರಿಗೆಲ್ಲ ಕೇಂದ್ರ ತರೀಕೆರೆಯಲ್ಲಿ. ಆಯುಧಪೂಜೆ ಕಳೆದು ನಾಲ್ಕನೆಯ ದಿನ, ಬೆಳಿಗ್ಗೆ ಹತ್ತಕ್ಕೆ. ಕಡೂರಿನಿಂದ ಎಂಟೂಕಾಲಿಗೆ ಒಂದು ಬಸ್ಸಿತ್ತು. ಆರಾಮಾಗಿ ಒಂಬತ್ತೂವರೆಯ ಒಳಗೆ ತರೀಕೆರೆ ಮುಟ್ಟುತ್ತಿತ್ತು.

"ನಾನು ಬಸ್ಸಲ್ಲೇ ಹೋಗ್ತೀನಿ ಕಣೋ ಅಣ್ಣ" ಎಂದು ಅವಳು ಹಿಂದಿನ ದಿನವೇ ಹೇಳಿದ್ದಳು.

ನನಗೆ ಆಗ ಇಪ್ಪತ್ತು ವರ್ಷ. ಲೈಸೆನ್ಸು ಬಂದು ಎರಡು ತಿಂಗಳು. ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿದ ಕಾರು ಅಂಗಡಿಯ ಮುಂದೆ ಹೊಳೆಯುತ್ತಿತ್ತು. ಅದರಲ್ಲಿ ತಂಗಿಯನ್ನು ಕೂರಿಸಿಕೊಂಡು ತರೀಕೆರೆ ಬಸ್‌ಸ್ಟ್ಯಾಂಡಿನ ಮುಂದೆ ಒಂದು ಸುತ್ತು ಹೊಡೆದು ಸ್ಕೂಲಿನ ಬಾಗಿಲಲ್ಲಿ ಇಳಿಸುವುದನ್ನು ನಾನು ಆಗಲೇ ಮನಸ್ಸಿನಲ್ಲಿ ನಾಲ್ಕು ಸಲ ಮಾಡಿ ಮುಗಿಸಿದ್ದೆ. "ಬಸ್ಸಲ್ಲಿ ನಿಂತ್ಕೊಂಡು ಹೋಗಿ ಸುಸ್ತಾಗ್ತೀಯ. ಪೂಜೆ ಮಾಡಿದ ಗಾಡಿ, ಒಳ್ಳೇದಾಗುತ್ತೆ ಬಾ" ಎಂದು ನಾನೇ ಬಲವಂತ ಮಾಡಿದೆ. ಅಪ್ಪಾಜಿಯೂ ಹೂಂಗುಟ್ಟಿದರು. ಅವಳು ಒಪ್ಪಿದ್ದು ನನ್ನ ಮುಖ ನೋಡಿ.

ಎಂಟಕ್ಕೆ ಹೊರಟೆವು. ಬೀರೂರು ದಾಟಿ ನಾಲ್ಕೈದು ಮೈಲಿ ಹೋಗಿರಬೇಕು, ಸ್ಟೇರಿಂಗು ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಎಡಗಡೆ ಮುಂದಿನ ಟೈರು ನೆಲಕ್ಕೆ ಅಂಟಿತ್ತು. ಎತ್ತಿನ ಲಾಳದ ಮೊಳೆ. ನಮ್ಮ ಅಂಗಡಿಯಲ್ಲಿ ಮಾರುವಂಥದ್ದೇ.

ಮೊದಲು ನನಗೆ ಭಯವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಸ್ಟೆಪ್ನಿ ಇತ್ತು, ಜಾಕು ಇತ್ತು, ಸ್ಪ್ಯಾನರು ಇತ್ತು, ತಂಗಿಯ ಮುಂದೆ ನನ್ನ ಗಂಡಸ್ತನ ತೋರಿಸಲು ಒಂದು ಅವಕಾಶವೂ ಇತ್ತು. ಶರಟಿನ ತೋಳು ಮಡಿಸಿ ಜಾಕು ಕೊಟ್ಟು ಚಕ್ರ ಎತ್ತಿದೆ. ಸ್ಪ್ಯಾನರು ಸಿಕ್ಕಿಸಿ ತಿರುಗಿಸಿದರೆ ನಟ್ಟಿನ ಜೊತೆಗೆ ಚಕ್ರವೇ ತಿರುಗಿತು. ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡಿಕೊಳ್ಳಬೇಕು ಎನ್ನುವುದು ಕಾರು ನೋಡಿದ ಮಕ್ಕಳಿಗೂ ಗೊತ್ತು. ಮತ್ತೆ ಇಳಿಸಿದೆ. ಕೈಯಲ್ಲಿ ಒತ್ತಿದೆ, ಬರಲಿಲ್ಲ. ಕಾಲಲ್ಲಿ ಒದ್ದೆ, ಬರಲಿಲ್ಲ. ಹತ್ತಿ ನಿಂತು ಕುಣಿದೆ. ನಾಲ್ಕು ದಿನದ ಹಿಂದೆ ಹಾಗೆಯೇ ಕುಣಿದು ಅದನ್ನು ಬಿಗಿ ಮಾಡಿದ್ದೆ. ಕುಂಕುಮದ ಬೊಟ್ಟುಗಳು ಇನ್ನೂ ನಟ್ಟುಗಳ ಮೇಲೆ ಹಾಗೇ ಇದ್ದವು.

ನೀಲು ಬಗ್ಗಿ ನೋಡಿದಳು. ಉಗುರಿನಲ್ಲಿ ನಟ್ಟಿನ ಬುಡವನ್ನು ಕೆರೆದಳು. "ಬಣ್ಣ ಒಳಗೆಲ್ಲ ಇಳ್ದು ಕಚ್ಕೊಂಡಿದೆ ಕಣೋ. ಕೆಳಗೆ ತುಕ್ಕು. ಮೊದ್ಲು ಇದನ್ನ ಕೆರೆದು ಒಂಚೂರು ಎಣ್ಣೆ ಬಿಡು."

"ನೀನು ಲೆಕ್ಕ ಓದ್ಕೋ ಹೋಗು. ಇದು ನಿನ್ನ ಕೆಲಸ ಅಲ್ಲ" ಎಂದೆ.

ಇನ್ನೊಂದು ಸಲ ಜೋರಾಗಿ ಕುಣಿದೆ. ಕಾಲ ಕೆಳಗೆ ಕಿರ್ ಎಂದು ಏನೋ ತಿರುಗಿತು. ಎದೆ ಉಬ್ಬಿತು. ಒಂದು ಬಂದರೆ ಉಳಿದ ನಾಲ್ಕು ತಾವಾಗಿ ಬರುತ್ತವೆ ಅಂದುಕೊಂಡೆ. ಸರಿಯಾಗಿ ಆಗಲೇ ಎಂಟೂಕಾಲಿನ ಬಸ್ಸು ಹಿಂದಿನಿಂದ ಬಂದು ನಮ್ಮ ಪಕ್ಕದಲ್ಲಿ ನಿಂತಿತು. ನಾವು ಕೈಯನ್ನೂ ತೋರಿಸಿರಲಿಲ್ಲ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೇಳಿದ.

"ಏನಾಯ್ತ್ರೀ? ತರೀಕೆರೆಗಾ? ಬತ್ತೀರಾ?"

ನೀಲು ಆಗಲೇ ಜಾಮೆಟ್ರಿ ಡಬ್ಬ ಎದೆಗೆ ಒತ್ತಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದಳು.

"ಬೇಡ, ನೀವು ಹೋಗಿ" ಎಂದೆ ನಾನು. "ಐದು ನಿಮಿಷದ ಕೆಲಸ."

ಅವಳು ತಿರುಗಿ ನನ್ನನ್ನು ನೋಡಿದಳು. ಆ ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಜನ ಇದ್ದರು, ಕಡೂರಿನವರೇ ಅರ್ಧ. ಅವರೆದುರಿಗೆ ಅಣ್ಣನ ಮಾತು ಮೀರಿ ಹತ್ತಲು ಅವಳಿಂದ ಆಗಲಿಲ್ಲ. ಅವರೆದುರಿಗೆ ಸೋತೆ ಅನ್ನಲು ನನ್ನಿಂದಲೂ ಆಗಲಿಲ್ಲ. ಅವಳು ಮೆಟ್ಟಿಲಿನಿಂದ ಕಾಲು ತೆಗೆದಳು. ಕಂಡಕ್ಟರು ಸೀಟಿ ಊದಿದ.

ಬಸ್ಸು ಮರೆಯಾದ ಮೇಲೆ ಸ್ಪ್ಯಾನರು ತೆಗೆದು ನೋಡಿದೆ. ತಿರುಗಿದ್ದು ನಟ್ಟಲ್ಲ. ಸ್ಪ್ಯಾನರು ಜಾರಿ ನಟ್ಟಿನ ಮೂಲೆಗಳು ಸವೆದಿದ್ದವು, ಅಷ್ಟೇ.

ಅಲ್ಲಿಂದ ಮುಂದಿನ ಒಂದು ಗಂಟೆಯನ್ನು ವಿವರವಾಗಿ ಬರೆಯಲು ನನಗೆ ಮನಸ್ಸಿಲ್ಲ. ಆದರೂ ಬರೆಯುತ್ತೇನೆ. ಕಲ್ಲು ತಂದು ಸ್ಪ್ಯಾನರಿಗೆ ಜಜ್ಜಿದೆ. ಕೈಬೆರಳು ಜಜ್ಜಿಕೊಂಡೆ. ಎರಡು ಲಾರಿಗಳು ತರೀಕೆರೆ ಕಡೆಗೆ ಹೋದವು, ನಾವಿಬ್ಬರೂ ರಸ್ತೆಯ ಮಧ್ಯೆ ನಿಂತು ಕೈ ಬೀಸಿದರೂ ಸುತ್ತು ಹಾಕಿ ಹೋದವು. ಸೈಕಲ್ಲಿನಲ್ಲಿ ಬಂದ ಒಬ್ಬ ಮುದುಕ ನಿಂತು, ನೋಡಿ, "ಅಯ್ಯೋ ಪಾಪ" ಎಂದು ಹೋದ. ನನ್ನ ಮನಸ್ಸಿನಲ್ಲಿ ಸುತ್ತುತ್ತಿದ್ದದ್ದು ಒಂದೇ. ಕಡೂರಿನ ನಮ್ಮ ಅಂಗಡಿಯ ಮೂಲೆಯಲ್ಲಿ ನೂರಾರು ಪೈಪುಗಳು ಒರಗಿ ನಿಂತಿವೆ, ಅದರಲ್ಲಿ ಒಂದೇ ಒಂದು ತುಂಡು ಈಗ ಇಲ್ಲಿದ್ದಿದ್ದರೆ ಸ್ಪ್ಯಾನರಿನ ಹಿಡಿಗೆ ತೊಡಿಸಿ ಎಳೆಯಬಹುದಿತ್ತು. ಕಬ್ಬಿಣದ ಅಂಗಡಿಯವನ ಮಗ ಒಂದು ನಟ್ಟಿನ ಮುಂದೆ ಕೂತು ಅಳುವುದನ್ನು ನೀವು ನೋಡಿಲ್ಲ. ನಾನು ಅತ್ತೆ. ನೀಲು ಅಳಲಿಲ್ಲ. ಅಪ್ಪಾಜಿಗೆ ಹಾಕಲ್ಲ ಅಂತ ಮಾತು ಕೊಟ್ಟಿದ್ದಳಲ್ಲ.

ಒಂಬತ್ತೂವರೆ ದಾಟಿದ ಮೇಲೆ ಅವಳು ಒಮ್ಮೆ ಸುಮ್ಮನೆ ಎದ್ದು ತರೀಕೆರೆಯ ಕಡೆಗೆ ನಡೆಯತೊಡಗಿದಳು. "ಎಲ್ಲಿಗೇ?" ಎಂದೆ. "ನಡ್ಕೊಂಡೇ ಹೋಗ್ತೀನಿ" ಎಂದಳು. ಇನ್ನೂ ಹನ್ನೆರಡು ಮೈಲಿಯ ಮೇಲಿತ್ತು. ಒಂದು ಫರ್ಲಾಂಗು ಹೋಗಿ ಅಲ್ಲಿನ ಮೈಲಿಗಲ್ಲು ನೋಡಿ, ಸ್ವಲ್ಪ ಹೊತ್ತು ನಿಂತು, ವಾಪಸ್ ಬಂದಳು.

ಒಂಬತ್ತೂಮುಕ್ಕಾಲಿಗೆ ತೆಂಗಿನಕಾಯಿ ತುಂಬಿದ ಒಂದು ಲಾರಿ ಎದುರು ದಿಕ್ಕಿನಿಂದ, ತರೀಕೆರೆ ಕಡೆಯಿಂದ ಬಂತು. ಡ್ರೈವರು ತಾನಾಗಿಯೇ ನಿಲ್ಲಿಸಿ ಇಳಿದ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕೂತು ನಟ್ಟುಗಳನ್ನು ನೋಡಿದ.

"ಯಾರ್ರೀ ಇದ್ಕೆ ಬಣ್ಣ ಬಳ್ದೋರು?"

"ನಾನೇ."

"ಬಿಚ್ಚೋಕಿರೋ ಸಾಮಾನು ಸ್ವಾಮಿ ಇದು. ನೋಡೋಕಲ್ಲ." ಆಮೇಲೆ ಚಿಂದಿಯಲ್ಲಿ ಡೀಸೆಲ್ ಅದ್ದಿ ನಟ್ಟಿನ ಬುಡಕ್ಕೆ ಹಿಂಡುತ್ತ ಕೇಳಿದ, "ಯಾವೂರು? ಏನ್ ವ್ಯಾಪಾರ?"

"ಕಡೂರು. ಕಬ್ಬಿಣದಂಗಡಿ."

ಅವನು ನಗಲಿಲ್ಲ. ನಕ್ಕಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಚಾಕುವಿನಲ್ಲಿ ಬಣ್ಣ ಕೆರೆದ, ನೀಲು ಹೇಳಿದ ಹಾಗೆಯೇ. ಡೀಸೆಲ್ ಒಳಗೆ ಇಳಿಯಲಿ ಎಂದು ಒಂದು ಬೀಡಿ ಸೇದುವಷ್ಟು ಹೊತ್ತು ಕಾದ. ಆ ಬೀಡಿಯಷ್ಟು ಉದ್ದದ ಬೀಡಿಯನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಲಾರಿಯಿಂದ ನಾಲ್ಕಡಿಯ ಪೈಪು ತಂದು ಸ್ಪ್ಯಾನರಿನ ಹಿಡಿಗೆ ತೊಡಿಸಿ ಎಳೆದ. ಒಂದು ಬಂತು. ಎರಡು, ಮೂರು, ನಾಲ್ಕು. ನಾನು ಸವೆಸಿಟ್ಟಿದ್ದ ಐದನೆಯದು ಮಾತ್ರ ತಿರುಗಲಿಲ್ಲ. ಅದರ ಮೇಲೆ ಉಳಿ ಇಟ್ಟು ಹೊಡೆದ. ಕೊನೆಗೆ ಬೋಲ್ಟೇ ತುಂಡಾಗಿ ನಟ್ಟಿನ ಜೊತೆ ನೆಲಕ್ಕೆ ಬಿತ್ತು. ಸ್ಟೆಪ್ನಿ ತೊಡಿಸಿ, "ನಾಲ್ಕರಲ್ಲೇ ನಿಧಾನಕ್ಕೆ ಹೋಗಿ" ಎಂದ. ಹತ್ತೂಕಾಲಾಗಿತ್ತು.

ನಿಧಾನಕ್ಕೆ ಹೋಗಲಿಲ್ಲ. ಆದರೂ ಸ್ಕೂಲಿನ ಗೇಟು ಮುಟ್ಟಿದಾಗ ಹತ್ತೂಮುಕ್ಕಾಲು. ಗೇಟಿನಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ನಿಂತಿದ್ದರು. ನನ್ನ ಡೀಸೆಲು ಮಸಿಯ ಕೈಗಳನ್ನೂ, ಜಜ್ಜಿದ ಬೆರಳನ್ನೂ ನೋಡಿದರು.

"ಅರ್ಧ ಗಂಟೆವರೆಗೂ ಬಿಡ್ತೀವಮ್ಮ" ಎಂದರು ನೀಲುವಿಗೆ. "ಅದು ಆಗೋಯ್ತು. ಈಗ ನನ್ನ ಕೈಲಿಲ್ಲ ಮಗಳೇ. ನಂಗೂ ಹೆಣ್ಮಕ್ಕಳಿದಾರೆ, ಆದ್ರೆ ನನ್ನ ಕೈಲಿಲ್ಲ."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ನೀಲು ನನ್ನ ಶರಟು ಹಿಡಿದು ಎತ್ತಿದಳು. "ಬಾರೋ, ಅವರೇನು ಮಾಡ್ತಾರೆ" ಎಂದಳು.

ಮನೆಗೆ ಹೋಗೋಣ ಎಂದರೆ ಬರಲಿಲ್ಲ. ಕಾಂಪೌಂಡಿನ ಹೊರಗಿನ ಕಟ್ಟೆಯ ಮೇಲೆ ಪರೀಕ್ಷೆ ಮುಗಿಯುವವರೆಗೂ ಕೂತಳು. ಮುಗಿದ ಮೇಲೆ ಹೊರಗೆ ಬಂದ ಒಬ್ಬಳು ಹುಡುಗಿಯ ಹತ್ತಿರ ಪ್ರಶ್ನೆಪತ್ರಿಕೆ ಬೇಡಿ ತಂದಳು. ಕಾರಿನಲ್ಲಿ ಬೀರೂರಿನವರೆಗೂ ಓದಿದಳು, ಮಗುಚಿ ಮತ್ತೆ ಓದಿದಳು. ಆಮೇಲೆ "ಒಂದು ಬಿಟ್ಟು ಎಲ್ಲಾ ಬರ್ತಿತ್ತು ಕಣೋ" ಎಂದಳು. ಬೈದಿದ್ದರೆ, ಆ ಜಾಮೆಟ್ರಿ ಡಬ್ಬ ತೆಗೆದು ನನ್ನ ತಲೆಗೆ ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ಅಂಗಡಿಯ ಮೆಟ್ಟಿಲ ಮೇಲೆ ಅಪ್ಪಾಜಿ ಕಾಯುತ್ತಿದ್ದರು. ವಿಷಯ ಕೇಳಿದರು. "ಎಂಟೂಕಾಲಿನ ಬಸ್ಸು ಹಿಂದೇನೇ ಬರ್ಬೇಕಾಗಿತ್ತಲ್ಲ. ಅದು ಬರ್ಲಿಲ್ವಾ?" ಎಂದರು.

ನಾನು ಮಾತಾಡುವ ಮೊದಲೇ ನೀಲು ಹೇಳಿದಳು, "ಬಂತು ಅಪ್ಪಾಜಿ. ನಿಲ್ಲಿಸ್ಲಿಲ್ಲ."

ಅಪ್ಪಾಜಿ ಆ ಕಂಡಕ್ಟರನನ್ನೂ ಅವನ ವಂಶವನ್ನೂ ಸಾಯುವವರೆಗೆ ಬೈದರು. ಅಷ್ಟೂ ವರ್ಷ ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಕರೆದು ಹತ್ತಿಸಿಕೊಳ್ಳಲು ನಿಂತ ಆ ಪುಣ್ಯಾತ್ಮನ ಪರವಾಗಿ ಒಂದು ಮಾತು ಆಡಲಿಲ್ಲ. ಬಸ್ಸಿನಲ್ಲಿದ್ದ ಕಡೂರಿನವರಲ್ಲಿ ಯಾರಾದರೂ ಬಂದು ಹೇಳಿಬಿಡುತ್ತಾರೆ ಎಂದು ವರ್ಷಗಟ್ಟಲೆ ಹೆದರಿದೆ. ಯಾರೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಮರುದಿನ ನೀಲು ಆ ಪ್ರಶ್ನೆಪತ್ರಿಕೆಯ ಲೆಕ್ಕಗಳನ್ನೆಲ್ಲ ಕಂದು ಕಾಗದದ ಮೇಲೆ ಮಾಡಿದಳು, ಗಡಿಯಾರ ಇಟ್ಟುಕೊಂಡು, ಎರಡೂವರೆ ಗಂಟೆಯಲ್ಲಿ. ಅವಳು ಎದ್ದುಹೋದ ಮೇಲೆ ನಾನು ಅದನ್ನು ಕದ್ದು ತೆಗೆದುಕೊಂಡು ಹೋಗಿ ಊರಿನ ಲೆಕ್ಕದ ಮೇಷ್ಟ್ರಿಗೆ ತೋರಿಸಿದೆ. ಅವರು ಕೆಂಪು ಪೆನ್ನಿನಲ್ಲಿ ತಿದ್ದಿ, ಮೂಲೆಯಲ್ಲಿ ಎಪ್ಪತ್ತೆಂಟು ಎಂದು ಬರೆದು ಕೆಳಗೆ ಗೆರೆ ಎಳೆದರು. ಪಾಸಾಗಲು ಮೂವತ್ತೈದು ಸಾಕಿತ್ತು. ಆ ಕಾಗದವನ್ನು ಅವಳಿಗೆ ತಿರುಗಿ ಕೊಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮಾರ್ಚಿಗೆ ಇನ್ನೊಮ್ಮೆ ಕಟ್ಟಬಹುದಿತ್ತು ಎಂದು ನೀವು ಅನ್ನುತ್ತೀರಿ. ನಾನೂ ಅಪ್ಪಾಜಿಗೆ ಅಂದೆ. "ಅವಳ ಹಣೇಲಿ ಓದು ಬರ್ದಿಲ್ಲ ಬಿಡೋ. ಜ್ವರ ಒಂದ್ಸಲ, ಪಂಕ್ಚರ್ ಒಂದ್ಸಲ. ಇನ್ನೆಷ್ಟು ಸಲ ದೇವ್ರು ಹೇಳ್ಬೇಕು?" ಎಂದರು. ಬಸ್ಸನ್ನು ಕಳಿಸಿದ್ದು ದೇವರಲ್ಲ, ನಾನು ಎಂದು ಆಗಲಾದರೂ ಹೇಳಬೇಕಿತ್ತು. ಹೇಳಿದ್ದರೆ ಅವರು ಒಂದು ಸಲ ಯೋಚನೆ ಮಾಡುತ್ತಿದ್ದರೋ ಏನೋ. ಮಾಘದಲ್ಲಿ ಮದುವೆ ಆಯಿತು.

ಮದುಮಗಳನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋದದ್ದೂ ಅದೇ ಕಾರಿನಲ್ಲಿ, ನಡೆಸಿದವನು ನಾನೇ. ಎಡಗಡೆ ಮುಂದಿನ ಚಕ್ರಕ್ಕೆ ಇನ್ನೂ ನಾಲ್ಕೇ ನಟ್ಟು. ದಾರಿಯುದ್ದಕ್ಕೂ ನಾನು ಒಂದು ಪಂಕ್ಚರಿಗಾಗಿ ಬೇಡಿಕೊಂಡೆ. ಮುಹೂರ್ತ ಮುಗಿದಿತ್ತು, ಪಂಕ್ಚರಾಗಿ ಏನೂ ಪ್ರಯೋಜನ ಇರಲಿಲ್ಲ, ಆದರೂ ಬೇಡಿಕೊಂಡೆ. ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು.

ನೀಲುವಿನ ಬಾಳು ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಗಂಡ ಒಳ್ಳೆಯವರು. ಮನೆಯಲ್ಲಿ ಅವಳ ಮಾತಿಗೆ ಬೆಲೆ ಇದೆ. ಮಧ್ಯಾಹ್ನ ಅವಳ ಜಗಲಿಯ ಮೇಲೆ ಬೀದಿಯ ಹತ್ತು ಹನ್ನೆರಡು ಮಕ್ಕಳು ಸ್ಲೇಟು ಹಿಡಿದು ಕೂತಿರುತ್ತವೆ, ಅವಳು ಲೆಕ್ಕ ಹೇಳಿಕೊಡುತ್ತಾಳೆ. ಎಣಿಸಲು ನಮ್ಮ ಅಂಗಡಿಯಿಂದ ಒಂದು ಡಬ್ಬ ನಟ್ಟು ತರಿಸಿಕೊಂಡಿದ್ದಾಳೆ. ನಾನು ಹೋದಾಗ ಆ ಡಬ್ಬ ಕಂಡರೆ ಮುಖ ಬೇರೆ ಕಡೆ ತಿರುಗಿಸುತ್ತೇನೆ. ಆ ದಿನದ ವಿಷಯವನ್ನು ನಾವಿಬ್ಬರೂ ಒಂದು ಸಲವೂ ಮಾತಾಡಿಲ್ಲ. ಅಪ್ಪಾಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಬೆಳ್ಳಿ ಬಣ್ಣದ ಡಬ್ಬ ಒಡೆಯುವುದು ನಿಂತಿತು. ಭಾನುವಾರದ ನನ್ನ ಈ ಪೂಜೆ ಮಾತ್ರ ಉಳಿಯಿತು.

ಹೋದ ತಿಂಗಳು ನೀಲುವಿನ ಮಗಳು ಶೋಭಾಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ಕೇಂದ್ರ ತರೀಕೆರೆಯಲ್ಲಿ ಬಿದ್ದಿದೆ ಎಂದು ಕಾಗದ ಬಂತು. ನನಗೆ ಹದಿನೇಳು ವರ್ಷದಿಂದ ಕಾದಿದ್ದ ಕೆಲಸ ಸಿಕ್ಕಿದಂತಾಯಿತು. ಲೆಕ್ಕದ ಪರೀಕ್ಷೆಯ ಹಿಂದಿನ ಸಂಜೆ ಇಪ್ಪತ್ತೂ ನಟ್ಟು ಬಿಚ್ಚಿ, ಗ್ರೀಸು ಹಾಕಿ, ಸ್ಟೆಪ್ನಿಗೆ ಗಾಳಿ ನೋಡಿ, ಇನ್ನೊಂದು ಸ್ಟೆಪ್ನಿಯನ್ನು ಬೇರೆಯವರಿಂದ ಕೇಳಿ ತಂದು ಹಿಂದಿನ ಸೀಟಿನಲ್ಲಿ ಹಾಕಿಕೊಂಡೆ. ಬೆಳಿಗ್ಗೆ ಆರೂವರೆಗೆ ಅಜ್ಜಂಪುರದಲ್ಲಿದ್ದೆ.

ನೀಲು ಬಾಗಿಲಿಗೆ ನೀರು ಹಾಕುತ್ತಿದ್ದಳು. "ಇದೇನೋ ಅಣ್ಣ, ಇಷ್ಟೊತ್ತಿಗೇ?"

"ಶೋಭಾನ ತರೀಕೆರೆಗೆ ಬಿಟ್ಟು ಬರೋಣ ಅಂತ."

ಅವಳು ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ನಾನು ಕುಡಿಯುವಾಗ ಅವಳು ಕಾರನ್ನು ನೋಡುತ್ತ ನಿಂತಳು. ಎಡಗಡೆ ಮುಂದಿನ ಚಕ್ರ ನಮ್ಮ ಕಡೆಗೇ ಇತ್ತು.

"ನಿನ್ನೆ ಸಂಜೆ ಎಲ್ಲಾ ಬಿಚ್ಚಿ ಹಾಕಿದೀನಿ" ಎಂದೆ. "ಒಂದು ಕೈಲಿ ಬರ್ತವೆ. ಬೇಕಾದ್ರೆ ತೋರಿಸ್ತೀನಿ ಬಾ. ಪೈಪೂ ಇದೆ."

"ಗೊತ್ತು ಕಣೋ. ನೀನು ಬಿಚ್ಚೇ ಇರ್ತೀಯ. ಅತ್ತಿಗೆ ಎಲ್ಲಾ ಹೇಳಿದಾರೆ."

"ಮತ್ತೆ?"

"ಬಸ್ಸಲ್ಲೇ ಹೋಗ್ತಾಳೆ ಬಿಡು. ಏಳೂಕಾಲಿಗಿದೆ. ನಾನೂ ಜೊತೇಲಿ ಹೋಗ್ತಿದೀನಿ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಲೋಟ ಕಾಫಿ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು. ಹದಿನೇಳು ವರ್ಷ ಪ್ರತಿ ತಿಂಗಳು ನಾನು ಬಿಚ್ಚಿದ ಅಷ್ಟೂ ನಟ್ಟುಗಳನ್ನು ತಂದು ಅವಳ ಅಂಗಳದಲ್ಲಿ ಸುರಿದರೂ ಅವಳು ಇದನ್ನೇ ಹೇಳುತ್ತಾಳೆ ಎಂದು ನನಗೆ ಆಗ ತಿಳಿಯಿತು.

ಏಳೂಕಾಲಿಗೆ ತಾಯಿ ಮಗಳು ಬಸ್ಸು ಹತ್ತಿದರು. ಶೋಭಾಳ ಕೈಯಲ್ಲಿ ಜಾಮೆಟ್ರಿ ಡಬ್ಬ ಇತ್ತು. ನಾನು ಕಡೂರಿನ ದಾರಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬಸ್ಸಿನ ಹಿಂದೆಯೇ ಕಾರು ಬಿಟ್ಟೆ, ಬಸ್ಸು ಕೆಟ್ಟುನಿಂತರೆ ಅಂತ. ಅದು ಎಬ್ಬಿಸುವ ಧೂಳು ಕುಡಿಯುತ್ತ, ಅದು ನಿಂತಲ್ಲೆಲ್ಲ ನಿಲ್ಲುತ್ತ, ಹೊರಟರೆ ಹೊರಡುತ್ತ ಹೋದೆ. ಡಿಕ್ಕಿಯಲ್ಲಿ ಪೈಪು ಗಡಗಡ ಅನ್ನುತ್ತಿತ್ತು. ಬಸ್ಸು ಮಾತ್ರ ಚೆನ್ನಾಗಿಯೇ ಓಡಿತು. ಹಿಂದಿನ ಗಾಜಿನಲ್ಲಿ ನೀಲುವಿನ ತುರುಬು ಕಾಣುತ್ತಿತ್ತು.

ಅರ್ಧ ದಾರಿಯಲ್ಲಿ ಒಂದು ಹಳ್ಳಿಯ ಸ್ಟಾಪಿನಲ್ಲಿ ಕಂಡಕ್ಟರು ಇಳಿದು ನನ್ನ ಹತ್ತಿರ ಬಂದ. ಚಿಕ್ಕ ವಯಸ್ಸಿನವನು. ಕಿಟಕಿಗೆ ಬಗ್ಗಿ ಕೇಳಿದ.

"ಏನ್ ಸ್ವಾಮಿ, ಅಜ್ಜಂಪುರದಿಂದ ಹಿಂದೇನೇ ಬತ್ತಿದೀರಲ್ಲ. ಸೈಡ್ ಕೊಡ್ತೀವಿ, ಮುಂದೆ ಹೋಗ್ತೀರಾ?"

ನೀಲು ಹಿಂದಿನ ಗಾಜಿನಲ್ಲಿ ತಿರುಗಿ ನೋಡುತ್ತಿದ್ದಳು.

"ಬೇಡ" ಎಂದೆ. "ನೀವು ಹೋಗಿ."

ಅವನು ಸೀಟಿ ಊದಿದ.